ಅಪ್ಪನ ಬೈಕಿನ ಎಂಜಿನ್: ಬಿಚ್ಚಿದ ದಿನದಿಂದ 200 ಕಿಲೋಮೀಟರ್‌ವರೆಗೆ

ಏಪ್ರಿಲ್ 6

ಕಲಬುರಗಿಯ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಎರಡನೆಯ ವರ್ಷ ನನ್ನದು. ಒಳಭಾಗ ಕಾಣಲೆಂದು ಕತ್ತರಿಸಿ ಬಣ್ಣ ಹಚ್ಚಿಟ್ಟ ಎಂಜಿನ್ ನೋಡಿ ಕಲಿಯುವುದು ಬೇರೆ, ಮತ್ತೆ ಓಡಲೇಬೇಕಾದ ಎಂಜಿನ್ ಬಿಚ್ಚುವುದು ಬೇರೆ. ಅಪ್ಪನ ಹಳೆಯ ಸ್ಪ್ಲೆಂಡರ್ ಸಂಕ್ರಾಂತಿಯಿಂದೀಚೆಗೆ ನೀಲಿ ಹೊಗೆ ಉಗುಳುತ್ತಿತ್ತು. ಸಂಜೆ ನಾನು ಕೆಲಸಕ್ಕೆ ಹೋಗುವ ಗ್ಯಾರೇಜಿನ ಉಸ್ತಾದರು ಎರಡು ಸಲ ರೇಸ್ ಮಾಡಿ, ಹೊಗೆಯ ವಾಸನೆ ಹಿಡಿದು, "ರಿಂಗ್ ಹೋಗಿದೆ ತಮ್ಮಾ, ಬಿಚ್ಚು" ಎಂದರು.

ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮಿದಾಗಿನ ಒತ್ತಡ, ಅಳೆದೆ. ಒಣ ಬೋರಿನಲ್ಲಿ (ಪಿಸ್ಟನ್ ಓಡಾಡುವ ಕೊಳವೆಯಲ್ಲಿ) ಚದರ ಸೆಂ.ಮೀ.ಗೆ 8 ಕೆ.ಜಿ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರೆ 11. ಹೀಗೆ ಬಿಟ್ಟ ಆಯಿಲ್, ಪಿಸ್ಟನ್ ಸುತ್ತಲಿನ ರಿಂಗುಗಳ ಸಂದನ್ನು ತುಸು ಹೊತ್ತು ಮುಚ್ಚುತ್ತದೆ, ವಾಲ್ವಿನ ಸೋರಿಕೆಯನ್ನು ಮುಚ್ಚುವುದಿಲ್ಲ. ಸಂಖ್ಯೆ ಏರಿದ್ದರಿಂದ ದೋಷ ಕೆಳಗೆ, ಬೋರು ಮತ್ತು ರಿಂಗಿನಲ್ಲಿ. ಉಸ್ತಾದರ ಮೂಗು ಸರಿಯಾಗಿಯೇ ಹೇಳಿತ್ತು.

ಏಪ್ರಿಲ್ 9

ಹೆಡ್, ಬ್ಲಾಕ್, ಪಿಸ್ಟನ್ ಹೊರಬಂದವು. ಪಿಸ್ಟನ್ ಪಿನ್ನಿನ ಲಾಕ್ ತೆಗೆಯುವ ಮುನ್ನ ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿದೆ. ಆ ಚಿಕ್ಕ ತಂತಿ ಒಳಗೆ ಜಾರಿದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ನಿಜವಾದ ಕಾರಣ ಸಿಕ್ಕಿದ್ದು ಎಂಜಿನ್ನಿನ ಹೊರಗೆ. ಏರ್ ಫಿಲ್ಟರಿನ ಅಂಚು ಒಂದು ಕಡೆ ಹರಿದಿತ್ತು, ಅದರ ಹಿಂದಿನ ಕೊಳವೆಯಲ್ಲಿ ಸಣ್ಣ ಮಣ್ಣಿನ ಪದರ. ಆಳಂದ ಕಡೆಯ ನಮ್ಮ ಹೊಲದಲ್ಲಿ ತೊಗರಿ ರಾಶಿ ನಡೆಯುವಾಗ ಬೈಕು ಯಂತ್ರದ ಪಕ್ಕದಲ್ಲೇ ನಿಲ್ಲುತ್ತದೆ. ಆ ಹೊಟ್ಟು, ಎರೆಮಣ್ಣಿನ ಆ ದೂಳು ಗಾಳಿಯ ಜೊತೆ ಒಳಹೋಗಿ ಆಯಿಲ್‌ನಲ್ಲಿ ಬೆರೆತರೆ ಅರೆಯುವ ಪೇಸ್ಟೇ ಆಗುತ್ತದೆ. ಹೊಸ ಪಿಸ್ಟನ್ ಹಾಕಿ ಹಳೆಯ ಫಿಲ್ಟರ್ ಬಿಟ್ಟರೆ ಮುಂದಿನ ಸುಗ್ಗಿಗೆ ಮತ್ತೆ ಇದೇ ಕೆಲಸ. ಎಲ್ಲಕ್ಕಿಂತ ಮೊದಲು ಫಿಲ್ಟರ್ ತಂದೆ.

ಏಪ್ರಿಲ್ 12

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ದಿನ ಇದು. ನಿನ್ನೆ ಕಾಲೇಜಿನ ಬೋರ್ ಗೇಜಿನಲ್ಲಿ ಅಳೆಯಲು ಹೊರಟಾಗ ಸರ್ ತಡೆದರು. ಬ್ಲಾಕನ್ನು ತೊಳೆದು ಬಿಸಿಲಿಗಿಟ್ಟಿದ್ದೆ, ಮುಟ್ಟಿದರೆ ಕೈ ಸುಡುತ್ತಿತ್ತು. ಬೀಡುಕಬ್ಬಿಣದ 50 ಮಿ.ಮೀ. ಬೋರು 20 ಡಿಗ್ರಿ ಹೆಚ್ಚು ಕಾದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ ಎಂದು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಮಿ.ಮೀ.ನ ನೂರರಲ್ಲೊಂದು ಪಾಲು ಹುಡುಕುವವನಿಗೆ ಅದು ದೊಡ್ಡ ತಪ್ಪು. ಬ್ಲಾಕು, ಗೇಜು, ಮೈಕ್ರೋಮೀಟರ್ ಮೂರನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು ಇಂದು ಬೆಳಿಗ್ಗೆ ಅಳೆದೆ. ನಮ್ಮ ಊರಿನ ಬೇಸಿಗೆಯಲ್ಲಿ ಅಳತೆಯ ಕೆಲಸವನ್ನು ಬೆಳಗಿನ ಹೊತ್ತೇ ಮುಗಿಸಬೇಕು.

ಮೇಲೆ 50.11, ನಡುವೆ 50.07, ಕೆಳಗೆ 50.03. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲೇ ಹೆಚ್ಚು ಸವೆತ: ಅಲ್ಲಿ ಶಾಖವೂ ಒತ್ತಡವೂ ಹೆಚ್ಚು, ಆಯಿಲ್ ಕಡಿಮೆ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ವಾಕ್ಯವದು. ಉಗುರು ಆಡಿಸಿದಾಗ ಆ ಅಂಚು ತಾಗಿತು.

ಏಪ್ರಿಲ್ 15

ಲೇತ್ ಅಂಗಡಿಯವರು ಬೋರನ್ನು ಹಿಗ್ಗಿಸಿ 0.50 ಮಿ.ಮೀ. ದೊಡ್ಡದಾದ (ಓವರ್‌ಸೈಜ್) ಪಿಸ್ಟನ್ ಹಾಕೋಣ ಎಂದರು. ನಾನು ಅಳತೆಯ ಚೀಟಿ ತೋರಿಸಿ 0.25 ಸಾಕು ಎಂದೆ. ಮುಂದೊಮ್ಮೆ ಬೋರ್ ಮಾಡಿಸಲು ಲೋಹ ಉಳಿಯಬೇಕು. ಹೊಸ ಪಿಸ್ಟನ್ನನ್ನು ಅವರ ಕೈಗೆ ಕೊಟ್ಟು, ಅದರ ಅಳತೆಗೇ ಬೋರ್ ಮಾಡಿಸಿ, ಒಳಗೋಡೆಯನ್ನು ಕಲ್ಲಿನಿಂದ ನಯವಾಗಿ ಉಜ್ಜುವ ಹೋನಿಂಗ್ ಮಾಡಿಸಿದೆ. 50 ಬೋರು, 49.5 ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಇದ್ದಾಗ 97.2 ಸಿಸಿ; ಈಗ 50.25 ಆಗಿ ಲೆಕ್ಕಕ್ಕೆ 98.2 ಸಿಸಿ.

ಏಪ್ರಿಲ್ 21

ವಾಲ್ವ್ ಲ್ಯಾಪಿಂಗ್, ಅಂದರೆ ವಾಲ್ವನ್ನು ಅದರ ಸೀಟಿಗೆ ಸೋರದಂತೆ ತಿಕ್ಕಿ ಕೂರಿಸುವ ಕೆಲಸ, ಮುಗಿಯಿತು. ಹೆಡ್ ತಲೆಕೆಳಗಾಗಿಟ್ಟು, ಪ್ಲಗ್ ಬಿಗಿದು, ಸೀಮೆಎಣ್ಣೆ ತುಂಬಿಸಿ ಐದು ನಿಮಿಷ ಕಾದೆ. ಎಕ್ಸಾಸ್ಟ್ ಕಡೆ ಒದ್ದೆಯಾಯಿತು. ಮತ್ತೆ ತಿಕ್ಕಿದೆ. ಎರಡನೆಯ ಸಲ ಹನಿಯೂ ಇಳಿಯಲಿಲ್ಲ.

ಏಪ್ರಿಲ್ 23

ಜೋಡಣೆ. ರಿಂಗುಗಳ ಬಾಯಿ ಒಂದರ ಕೆಳಗೊಂದು ಬಾರದಂತೆ 120 ಡಿಗ್ರಿ ಅಂತರದಲ್ಲಿಟ್ಟೆ. ಪಿಸ್ಟನ್ ತುದಿಯಲ್ಲಿದೆ ಎಂದು ಹೇಳುವ ಮ್ಯಾಗ್ನೆಟ್ಟಿನ 'ಟಿ' ಗುರುತು ಸೇರಿಸಿ, ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಏರಿಸಿದೆ. ಕವರ್ ಮುಚ್ಚುವ ಮೊದಲು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸು ಎಂದು ಉಸ್ತಾದರು ಹೇಳಿದ್ದರು. ತಿರುಗಿಸಿ ನೋಡಿದರೆ 'ಟಿ' ಸರಿ, ಕ್ಯಾಮ್ ಗುರುತು ಒಂದು ಹಲ್ಲು ಹಿಂದೆ. ಚೈನ್ ಏರಿಸುವಾಗ ಒಂದು ಬದಿಯ ಸಡಿಲವನ್ನು ನಾನು ಎಳೆದಿರಲಿಲ್ಲ. ಬಿಚ್ಚಿ ಮತ್ತೆ ಕೂರಿಸಿದೆ. ಟ್ಯಾಪೆಟ್ (ವಾಲ್ವಿನ ತುದಿಯ ಸಂದು) ಎರಡೂ 0.05 ಮಿ.ಮೀ.ಗೆ ಹೊಂದಿಸಿ, ಹೊಸ ಆಯಿಲ್ ಹಾಕಿದೆ. ಏಳನೆಯ ಕಿಕ್ಕಿಗೆ ಎಂಜಿನ್ ಹಿಡಿಯಿತು. ಅಪ್ಪ ಏನೂ ಮಾತಾಡಲಿಲ್ಲ. ಸೈಲೆನ್ಸರಿನ ಹಿಂದೆ ಬಿಳಿ ಟವೆಲು ಹಿಡಿದು ನಿಂತು, ಆಮೇಲೆ ಅದನ್ನು ನನಗೆ ತೋರಿಸಿದರು. ಟವೆಲಿನಲ್ಲಿ ಎಣ್ಣೆಯ ಕಲೆ ಇರಲಿಲ್ಲ.

ಮೇ 4

200 ಕಿ.ಮೀ. ಆಯಿತು. ಆಳಂದ ರಸ್ತೆಯಲ್ಲಿ ಬೆಳಿಗ್ಗೆ ಮಾತ್ರ, 45ರ ವೇಗ ಮೀರದೆ, ಆದರೆ ಒಂದೇ ವೇಗದಲ್ಲೂ ಇಡದೆ ಓಡಿಸಿದ್ದೇನೆ. ಇಂದು ಆಯಿಲ್ ಬದಲಿಸಿದೆ. ಬಿಳಿ ತಟ್ಟೆಯಲ್ಲಿ ಹಿಡಿದಾಗ ನಯವಾದ ಲೋಹದ ಮಿಂಚು ಕಂಡಿತು. ಹೊಸ ರಿಂಗು ಕೂರುವಾಗ ಇಷ್ಟು ಸಹಜ ಎಂದರು ಸರ್. ಒಂದು ಸೀಸೆಯಲ್ಲಿ ಆ ಆಯಿಲ್ ಎತ್ತಿಟ್ಟಿದ್ದೇನೆ. 500 ಕಿ.ಮೀ.ಗೆ ಬದಲಿಸುವ ಆಯಿಲನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು, ಕಂಪ್ರೆಷನ್ ಅಂದೇ ಮತ್ತೆ ಅಳೆಯಬೇಕು.