ಸ್ವೇ ಬಾರ್: ಮೊದಲು ಲೆಕ್ಕ, ಆಮೇಲೆ ಸರಳು

ಮುಂದಿನ ಚಕ್ರ ಎಳೆಯುವ ನಮ್ಮ ಹ್ಯಾಚ್‌ಬ್ಯಾಕ್‌ಗಳ ದೂರು ಬಹುಪಾಲು ಒಂದೇ: ಸ್ಟೀರಿಂಗ್ ತಿರುಗಿಸಿದಷ್ಟು ಮೂತಿ ತಿರುಗುವುದಿಲ್ಲ, ಕಾರು ತಿರುವಿನ ಹೊರಗೆ ಜಾರುತ್ತದೆ. ಇದಕ್ಕೆ ಮುಂದಿನ ಸ್ವೇ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ, ತಾನು ತಿರುಚಿಕೊಂಡು ಕಾರು ವಾಲುವುದನ್ನು ತಡೆಯುವ ಉಕ್ಕಿನ ಸರಳು) ದಪ್ಪ ಮಾಡಿಸುವವರಿದ್ದಾರೆ. ಕಾರು ವಾಲುವುದೇನೋ ಕಡಿಮೆಯಾಗುತ್ತದೆ, ಆದರೆ ಜಾರುವುದು ಸಾಮಾನ್ಯವಾಗಿ ಇನ್ನೂ ಹೆಚ್ಚುತ್ತದೆ.

ಕಾರಣ ಭಾರದ ಹಂಚಿಕೆಯಲ್ಲಿದೆ. 1,000 ಕೆಜಿ ತೂಕ, 1.5 ಮೀಟರ್ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ), ನೆಲದಿಂದ 0.55 ಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರ ಇರುವ ಕಾರು 0.8 ಜಿ (ಗುರುತ್ವದ 0.8 ಪಟ್ಟು) ವೇಗೋತ್ಕರ್ಷದಲ್ಲಿ ತಿರುಗಿದರೆ, ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಸುಮಾರು 293 ಕೆಜಿ ಸರಿಯುತ್ತದೆ. ಯಾವ ಬಾರ್ ಹಾಕಿದರೂ ಈ ಮೊತ್ತ ಹೆಚ್ಚುಕಡಿಮೆ ಇಷ್ಟೇ. ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಬಾರ್ ಬದಲಿಸುತ್ತದೆ. ಟೈರಿನ ಮೇಲೆ ಭಾರ ದುಪ್ಪಟ್ಟಾದರೂ ಹಿಡಿತ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ಹೆಚ್ಚು ಪಾಲು ಹೊರುವ ಜೋಡಿ ಮೊದಲು ಸೋಲುತ್ತದೆ. ಮೂತಿ ತಿರುಗಬೇಕಾದರೆ ಹಿಂದಿನ ಬಾರ್ ಬಿಗಿಯಾಗಬೇಕು.

ಎಷ್ಟು ಬಿಗಿ? ಬಾರಿನ ಒಂದು ತುದಿ ಹಿಡಿದಿಟ್ಟು ಇನ್ನೊಂದನ್ನು ಒತ್ತಿದಾಗ ಸಿಗುವ ಬಿಗಿತ = π × d⁴ × G ÷ (32 × L × R²). d ಸರಳಿನ ವ್ಯಾಸ, L ತಿರುಚುವ ನಡುಭಾಗದ ಉದ್ದ, R ಬಾರಿನ ತುದಿಯಲ್ಲಿ ಬಾಗಿದ ಕೈಯ ಉದ್ದ (ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಲಿಂಕ್ ರಾಡಿನ ತೂತಿನಿಂದ ನಡುಭಾಗದ ರೇಖೆಗೆ ಲಂಬವಾಗಿ ಅಳೆದದ್ದು), G ಲೋಹ ತಿರುಚನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ, ಉಕ್ಕಿಗೆ ಸುಮಾರು 80,000 ನ್ಯೂಟನ್/ಚದರ ಮಿಮೀ. L 900, R 200 ಮಿಮೀ ಇದ್ದರೆ 20 ಮಿಮೀ ಸರಳಿಗೆ 35 ನ್ಯೂಟನ್/ಮಿಮೀ, 22ಕ್ಕೆ 51, 24ಕ್ಕೆ 72. ನಾಲ್ಕು ಮಿಲಿಮೀಟರಿಗೆ ಬಿಗಿತ ದುಪ್ಪಟ್ಟು! ಕೈ ಕೂಡ ಬಾಗುವುದರಿಂದ ನಿಜವಾದ ಬಿಗಿತ ಇದಕ್ಕಿಂತ ಕಡಿಮೆಯೇ ಬರುತ್ತದೆ. ಕಂಪನಿಯ ಬಾರನ್ನು ಬುಷ್ (ಬಾರನ್ನು ಕಾರಿಗೆ ಹಿಡಿದಿಡುವ ರಬ್ಬರಿನಂಥ ತುಂಡು) ಸಮೇತ ಬೆಂಚಿಗೆ ಕಟ್ಟಿ, ಒಂದು ತುದಿ ಹಿಡಿದಿಟ್ಟು ಇನ್ನೊಂದಕ್ಕೆ 20 ಕೆಜಿ ತೂಗುಹಾಕಿ, ಡಯಲ್ ಗೇಜಿನಲ್ಲಿ ಎಷ್ಟು ಇಳಿಯಿತೆಂದು ನೋಡಿ. 35 ನ್ಯೂಟನ್ ಬಾರ್ ಲೆಕ್ಕದಲ್ಲಿ 5.6 ಮಿಮೀ ಇಳಿಯಬೇಕು, ನಿಜದಲ್ಲಿ ಇನ್ನಷ್ಟು ಇಳಿಯುತ್ತದೆ. ಆ ವ್ಯತ್ಯಾಸವೇ ಕೈ ಮತ್ತು ಬುಷ್ ತಿಂದದ್ದು.

ಚಕ್ರಕ್ಕೆ ಮುಟ್ಟುವುದು ಇದರಲ್ಲಿ ಒಂದು ಭಾಗ ಮಾತ್ರ. ಚಕ್ರ 10 ಮಿಮೀ ಏರಿದಾಗ ಬಾರಿನ ತುದಿ 6 ಮಿಮೀ ಏರಿದರೆ, ಅನುಪಾತ 0.6, ಅದರ ವರ್ಗ 0.36 ಪಾಲು ಬಿಗಿತವಷ್ಟೇ ಚಕ್ರಕ್ಕೆ. 51 ನ್ಯೂಟನ್ ಬಾರ್ ಚಕ್ರದಲ್ಲಿ 18 ಆಗಿ ಕೂರುತ್ತದೆ. ಇದನ್ನು ಬಿಟ್ಟು ಬಾರಿನ ವ್ಯಾಸವನ್ನಷ್ಟೇ ಹೋಲಿಸಿ ಫಲವಿಲ್ಲ.

ನನ್ನ ಸಲಹೆ: ಹಿಂದೆ 20 ಇದ್ದರೆ 22ಕ್ಕೆ ಹೋಗಿ, ಕೈಯಲ್ಲಿ 180, 200, 220 ಮಿಮೀ ದೂರಕ್ಕೆ ಮೂರು ತೂತು ಇಡಿಸಿ. ಒಂದೇ ಸರಳಿನಲ್ಲಿ 42ರಿಂದ 63ರವರೆಗೆ ಆಯ್ಕೆ ಸಿಗುತ್ತದೆ. ತೂಕ ಇಳಿಸಬೇಕಿದ್ದರೆ ಪೈಪು ಒಳ್ಳೆಯದು. 25 ಮಿಮೀ ಹೊರವ್ಯಾಸ, 4 ಮಿಮೀ ಗೋಡೆಯ ಪೈಪು 23.5 ಮಿಮೀ ಗಟ್ಟಿ ಸರಳಿನಷ್ಟೇ ಬಿಗಿ, ತೂಕ ಸುಮಾರು 39% ಕಡಿಮೆ.

ಉಕ್ಕಿನ ವಿಷಯದಲ್ಲಿ ವರ್ಕ್‌ಶಾಪುಗಳಲ್ಲಿ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. ಹೀಟ್ ಟ್ರೀಟ್‌ಮೆಂಟ್ ಮಾಡಿಸಿದರೆ ಬಾರ್ ಬಿಗಿಯಾಗುವುದಿಲ್ಲ. ಎಂಎಸ್ (ಸಾಮಾನ್ಯ ಮೃದು ಉಕ್ಕು) ಸರಳಿಗೂ ಸ್ಪ್ರಿಂಗ್ ಸ್ಟೀಲಿಗೂ G ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ತಾಳಿಕೆ. ಮೇಲಿನ 22 ಮಿಮೀ ಬಾರಿನ ಒಂದು ತುದಿ 50 ಮಿಮೀ ಏರಿ ಇನ್ನೊಂದು 50 ಇಳಿದರೆ ಸರಳಿನ ಮೈಮೇಲೆ ಸುಮಾರು 490 ಮೆಗಾಪಾಸ್ಕಲ್ ತಿರುಚು ಒತ್ತಡ ಬೀಳುತ್ತದೆ. ಎಂಎಸ್ 145ರ ಆಸುಪಾಸಿನಲ್ಲೇ ತಿರುಚಿಕೊಂಡು ಹಾಗೇ ನಿಂತುಬಿಡುತ್ತದೆ. ಇಎನ್47 ಎಂಬ ಸ್ಪ್ರಿಂಗ್ ಸ್ಟೀಲ್ ತೆಗೆದುಕೊಳ್ಳಿ. ತುದಿಯನ್ನು ಕೆಂಪಗೆ ಕಾಯಿಸಿ ಚಪ್ಪಟೆ ಮಾಡಿ, ತೂತು ಹೊಡೆದು, ಬಾಗುಗಳನ್ನೆಲ್ಲ ಮುಗಿಸಿದ ಮೇಲಷ್ಟೇ ಎಣ್ಣೆಯಲ್ಲಿ ತಣಿಸಿ, 42–46 ಎಚ್‌ಆರ್‌ಸಿ (ಗಡಸುತನದ ಅಳತೆ) ಬರುವಂತೆ ಟೆಂಪರ್ (ಮತ್ತೆ ಹದವಾಗಿ ಕಾಯಿಸಿ ಪೆಡಸು ಇಳಿಸುವುದು) ಮಾಡಿಸಿ. ಆಮೇಲೆ ಅದಕ್ಕೆ ವೆಲ್ಡಿಂಗ್ ತಾಗಿಸಲೇಬಾರದು. ವೆಲ್ಡಿನ ಅಂಚು, ಲೇತಿನ ಗೀರು, ಬಣ್ಣ ಎದ್ದು ತುಕ್ಕು ಹಿಡಿದ ಚುಕ್ಕೆ, ಬಿರುಕು ಹುಟ್ಟುವುದು ಇಂಥಲ್ಲೇ.

ಸರಳು ಸರಿಯಿದ್ದರೂ ಜೋಡಣೆಯಲ್ಲಿ ಕೆಡುವುದೇ ಹೆಚ್ಚು. ಲಿಂಕ್ ಹಾಕುವ ಮುನ್ನ ಬಾರ್ ಬುಷ್‌ನೊಳಗೆ ಕೈಯಲ್ಲೇ ಸಲೀಸಾಗಿ ತಿರುಗಬೇಕು. ಪಾಲಿಯುರೆಥೇನ್ ಬುಷ್‌ಗೆ ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುವುದು ಖಂಡಿತ. ಬಾರ್ ಪಕ್ಕಕ್ಕೆ ಸರಿಯದಂತೆ ಬುಷ್‌ನ ಬದಿಗೆ ಕಾಲರ್ ಹಾಕಿ. ಲಿಂಕ್ ರಾಡನ್ನು ಜಾಕಿಯ ಮೇಲೆ, ಚಕ್ರ ಜೋತಾಡುತ್ತಿರುವಾಗ ಕೊನೆಯ ಬಿಗಿ ಮಾಡಬೇಡಿ. ಕಾರು ನೆಲದ ಮೇಲೆ, ಚಾಲಕನ ಸೀಟಿನಲ್ಲಿ ಚಾಲಕನಷ್ಟೇ ತೂಕ ಇರುವಾಗ ಲಿಂಕಿನ ಉದ್ದ ಹೊಂದಿಸಿ, ಬೋಲ್ಟು ಎಳೆದಾಡದೆ ತಾನಾಗಿ ತೂತಿಗೆ ಇಳಿಯಬೇಕು. ಹಾಗಾಗದಿದ್ದರೆ ಎಡ ಬಲ ತಿರುವುಗಳಲ್ಲಿ ಕಾರು ಬೇರೆಬೇರೆಯಾಗಿ ನಡೆದುಕೊಳ್ಳುತ್ತದೆ.

ಸ್ವಿಫ್ಟ್, ಪೋಲೊಗಳಂತೆ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳ ಆರ್ಮ್‌ಗಳನ್ನು ಕೂಡಿಸುವ, ತಿರುಚುವ ತೊಲೆ) ಇರುವ ಕಾರಿಗೆ ಲಿಂಕ್ ಇಲ್ಲದ, ಎರಡು ಟ್ರೇಲಿಂಗ್ ಆರ್ಮ್‌ಗಳ ನಡುವೆ ನೇರ ಬೋಲ್ಟಾಗುವ ಬಾರ್ ಬರುತ್ತದೆ. ಅಲ್ಲಿ ತಿರುಚುವ ಬಲವೆಲ್ಲ ಬ್ರ್ಯಾಕೆಟ್ಟಿನ ಮೇಲೆ. ತೆಳು ತಗಡಿನ ಬ್ರ್ಯಾಕೆಟ್ ಆದರೆ ಬೋಲ್ಟಿನ ತೂತು ಅಗಲವಾಗಿ ಟಕಟಕ ಸದ್ದು ಶುರುವಾಗುತ್ತದೆ.

ಪರೀಕ್ಷೆ ಖಾಲಿ, ಮುಚ್ಚಿದ ಅಂಗಳದಲ್ಲಿ. ಟೈರಿನ ಗಾಳಿ ಸಮ ಮಾಡಿ, 30 ಮೀಟರ್ ತ್ರಿಜ್ಯದ ವೃತ್ತದಲ್ಲಿ ವೇಗವನ್ನು ನಿಧಾನ ಏರಿಸಿ (55 ಕಿಮೀ ಎಂದರೆ ಅಲ್ಲಿ 0.8 ಜಿ), ಮೊದಲು ಯಾವ ತುದಿ ಜಾರುತ್ತದೆ ನೋಡಿ. ಒಂದು ಸಲಕ್ಕೆ ಒಂದೇ ತೂತು ಬದಲಿಸಿ. ಹಿಂದಿನ ಒಳಚಕ್ರ ನೆಲ ಬಿಟ್ಟ ಮೇಲೆ ಹಿಂದೆ ಇನ್ನಷ್ಟು ಭಾರ ಸರಿಯಲು ಜಾಗವಿಲ್ಲ, ಉಳಿದದ್ದೆಲ್ಲ ಮುಂದಕ್ಕೇ. ಅಲ್ಲಿಂದಾಚೆ ಇನ್ನೂ ದಪ್ಪ ಬಾರ್ ಹಾಕುವುದು ವ್ಯರ್ಥ ಖರ್ಚು.

ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಕಡೆ ಓಡಾಡುವವರು 220ರ ತೂತಿಗೇ ಲಿಂಕ್ ಹಾಕಿಕೊಳ್ಳಿ. ಒದ್ದೆ ಘಾಟಿಯ ಇಳಿಜಾರು ತಿರುವಿನಲ್ಲಿ ಬಿಗಿ ಹಿಂಬದಿ ಇಟ್ಟುಕೊಂಡು ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ಹಿಂದಿನ ಚಕ್ರಗಳು ಒಮ್ಮೆಲೇ ಜಾರುತ್ತವೆ, ಸರಿಪಡಿಸಿಕೊಳ್ಳಲು ಆ ರಸ್ತೆಯಲ್ಲಿ ಅಗಲವೂ ಇಲ್ಲ.