ಕಡಲ ಪೇಟೆ ಕಟ್ಟೋದಾದರೆ ಜುಲೈ ತಿಂಗಳಿಗೆ ಕಟ್ಟಿ

ಕಡಲ ದಂಡೆ ಅಭಿವೃದ್ಧಿ ಅಂತ ಬರುವ ಯೋಜನೆಗಳ ಚಿತ್ರ ನೋಡಿದ್ದೀರಾ? ಅಂಗಡಿ ಸಾಲು, ಕೆಫೆ, ಬಯಲು ರಂಗಮಂದಿರ, ಬಲೂನ್ ಹಿಡಿದ ಮಗು. ಆಕಾಶ ಯಾವಾಗಲೂ ನೀಲಿ. ಒಬ್ಬರ ಕೈಯಲ್ಲೂ ಕೊಡೆ ಇರೋದಿಲ್ಲ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಚೀಚೆ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ಆ ಚಿತ್ರದ ಊರು ಇಲ್ಲಿ ಇರೋದೇ ಇಲ್ಲ.

ನಾನು ಕಟ್ಟಡದ ನಕ್ಷೆ ಬರೆಯುವ ಕೆಲಸದವನು, ಹಾಗಾಗಿ ಈ ವಿಷಯ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಕಾರವಾರದಲ್ಲಿ ಕಡಲಿಗೆ ಮುಖ ಮಾಡಿ ಒಂದು ಪೇಟೆ, ಜೊತೆಗೆ ಆಟ, ಹಾಡು, ಕರಕುಶಲಕ್ಕೆ ಒಂದು ಜಾಗ, ಎರಡನ್ನೂ ಸೇರಿಸಿ, ಸಮುದ್ರಕ್ಕೂ ಮೀನುಗಾರರಿಗೂ ಏಟಾಗದ ಹಾಗೆ ಮಾಡೋದಾದರೆ ಹೇಗೆ? ನಾನು ಹೇಳೋದು ಇಷ್ಟೇ. ಜುಲೈ ತಿಂಗಳ ಒಂದು ಮಧ್ಯಾಹ್ನ ಅದು ನಡೆಯಬೇಕು. ಜುಲೈಯಲ್ಲಿ ನಡೆಯುವುದು ಡಿಸೆಂಬರ್‌ನಲ್ಲಿ ನಡೆದೇ ನಡೆಯುತ್ತದೆ. ಡಿಸೆಂಬರ್‌ಗೆ ಅಂತ ಕಟ್ಟಿದ್ದು ಜೂನ್ ಮೊದಲ ವಾರಕ್ಕೇ ಟಾರ್ಪಾಲ್ ಹೊದ್ದು ಕೂರುತ್ತದೆ.

ಮೊದಲು ಜಾಗದ ಮಾತು. ಟ್ಯಾಗೋರ್ ಕಡಲತೀರದಲ್ಲಿ ಈಗಾಗಲೇ ಮಯೂರವರ್ಮ ವೇದಿಕೆ ಇದೆ, ಚಾಪೆಲ್ ಯುದ್ಧನೌಕೆ ನಿಂತಿದೆ, ಅದರ ಪಕ್ಕಕ್ಕೆ ಟುಪೊಲೆವ್ ವಿಮಾನವೂ ಬಂತು. ಇನ್ನು ಮರಳಿನ ಮೇಲೆ ಏನನ್ನೂ ಇಡೋದು ಬೇಡ ಅಂತ ನನ್ನ ಅಭಿಪ್ರಾಯ. ಕಾನೂನಿಗೆ ಹೆದರಿ ಹೇಳುತ್ತಿಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಕಡಲತೀರದಲ್ಲಿ ತಾತ್ಕಾಲಿಕ ಗುಡಿಸಲು, ಶೌಚಾಲಯ ಮಾಡಲು ಬಿಡುತ್ತದೆ, ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು ಅಷ್ಟೇ. ಆದರೆ ನಮ್ಮಲ್ಲಿ ತಾತ್ಕಾಲಿಕ ಅಂದರೆ ಏನು ಅಂತ ಗೊತ್ತಲ್ವಾ? ಎರಡನೇ ವರ್ಷ ಅದಕ್ಕೊಂದು ಸಿಮೆಂಟ್ ಕಟ್ಟೆ ಬರುತ್ತದೆ, ಮೂರನೇ ವರ್ಷ ಶಟರ್. ಮರಳು ಮಳೆಗಾಲದಲ್ಲಿ ಕಡಲಿಗೆ ಹೋಗಿ ಬೇಸಿಗೆಗೆ ವಾಪಸ್ ಬರುವ ವಸ್ತು. ಅದಕ್ಕೆ ಓಡಾಡಲು ಜಾಗ ಬೇಕು.

ಹಾಗಾಗಿ ಪೇಟೆ ಊರಿನ ಕಡೆಗಿರಲಿ. ಊರು ಬೆಳೆದಿರುವ ಸಿಆರ್‌ಝಡ್-2ರಲ್ಲಿ ಈಗಿರುವ ರಸ್ತೆಯಿಂದ ಒಳಭಾಗಕ್ಕೆ ಕಟ್ಟಲು ಅವಕಾಶವೂ ಇದೆ. ತೊಡಕು ಅಂದರೆ ನಡುವೆ ಹೆದ್ದಾರಿ 66. ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸಂತೆ ಚೀಲ ಹಿಡಿದ ಹೆಂಗಸು ಆ ರಸ್ತೆ ದಾಟುವುದನ್ನು ಒಮ್ಮೆ ನಿಂತು ನೋಡಿ. ಇಡೀ ಯೋಜನೆಯಲ್ಲಿ ದುಡ್ಡು ಒಂದೇ ಕಡೆ ಹಾಕಬೇಕು ಅಂದರೆ ನಾನು ಆ ದಾಟುವ ಜಾಗಕ್ಕೆ ಹಾಕುತ್ತೇನೆ. ಮಾಡು (ಛಾವಣಿ) ಇರುವ, ಮೆಟ್ಟಿಲಿಲ್ಲದ, ನೆಲಮಟ್ಟದ ದಾರಿ. ಮೇಲ್ಸೇತುವೆ ಕಟ್ಟಿದರೆ ಯಾರೂ ಹತ್ತೋದಿಲ್ಲ.

ಇನ್ನು ಮಾಡು. ನಮ್ಮ ಮಳೆ ನೇರ ಬೀಳೋದಿಲ್ಲ, ಪಡುವಣ ಗಾಳಿಗೆ ಅಡ್ಡ ಹೊಡೆಯುತ್ತದೆ. ಮೂರು ಅಡಿ ಛಜ್ಜಾ ಇಟ್ಟು ಕೆಳಗೆ ಗಾಜಿನ ಬಾಗಿಲು ಮಾಡಿದರೆ ಅಂಗಡಿಯವನ ಅರ್ಧ ದಿನ ನೆಲ ಒರೆಸುವುದರಲ್ಲೇ ಹೋಗುತ್ತದೆ. ಹಳೇ ಮನೆಗಳಲ್ಲಿ ಸೂರು ಎಷ್ಟು ಕೆಳಗೆ ಇಳಿದಿರುತ್ತಿತ್ತು ನೋಡಿ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಅಷ್ಟು ಬೇಡ, ಆದರೆ ಅಂಗಡಿ ಮುಂದೆ ಎಂಟು-ಹತ್ತು ಅಡಿ ಜಗಲಿ ಬೇಕೇ ಬೇಕು. ಕಡಲಿನ ಕಡೆಗೆ ಮಳೆಗಾಲಕ್ಕೆ ಕಟ್ಟಿ ಅಕ್ಟೋಬರ್‌ಗೆ ಬಿಚ್ಚುವ ತಟ್ಟಿ. ಗೋಡೆಗೆ ಚಿರೇಕಲ್ಲು. ಕಾಂಕ್ರೀಟ್ ಎಲ್ಲಿ ಬೇಕೋ ಅಲ್ಲಿ ಮಾತ್ರ, ಅದೂ ಲೆಕ್ಕವಾಗಿ. ಸಮುದ್ರದ ನೀರು ಸಿಡಿಯುವ ಕಡೆ ಸರಳಿನ ಮೇಲೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಇರಬೇಕು, ಅದೂ ಕನಿಷ್ಠ ಎಂ35 ದರ್ಜೆಯದ್ದು, ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಉಪ್ಪು ಒಳಗಿಳಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಕಡಲ ಪಕ್ಕದ ಹಳೇ ಕಟ್ಟಡಗಳ ಬೀಮಿನ ತಳ ನೋಡಿದರೆ ಗೊತ್ತಾಗುತ್ತದೆ, ಕೆಂಪು ಗೆರೆ ಎದ್ದು ಚಕ್ಕೆ ಉದುರುತ್ತಿರುತ್ತದೆ.

ಮಾಡಿಗೆ ಶೀಟ್ ಹಾಕೋದು ಎಲ್ಲಕ್ಕಿಂತ ಸುಲಭ. ಅಗ್ಗ, ಬೇಗ. ಆದರೆ ಅಲ್ಲೊಂದು ದೊಡ್ಡ ತಾಪತ್ರಯ ಇದೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರೋದಿಲ್ಲ, ಆಗ ನಮ್ಮ ಜಿಲ್ಲೆಯಲ್ಲಿ ತಾಳಮದ್ದಲೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳವೂ ಬೇಡ. ಭಾಗವತರು, ಮದ್ದಲೆ, ಚಂಡೆ, ಎದುರು-ಬದುರು ಕೂತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ಪೂರ್ತಿ ಮಾತಿನ ಮೇಲೆ ನಿಂತ ಕಲೆ. ಕೃಷ್ಣ ಸಂಧಾನದಲ್ಲಿ ಕೌರವ ಒಂದು ಕೊಂಕು ಮಾತು ಆಡಿ ಸುಮ್ನೆ ಕೂತ, ಕೃಷ್ಣ ಏನು ಹೇಳುತ್ತಾನೆ ಅಂತ ಎಲ್ಲರೂ ಕಿವಿಗೊಟ್ಟಿದ್ದಾರೆ, ಆಗ ಶೀಟಿನ ಮೇಲೆ ಮಳೆ ಬಡಿದರೆ ಮುಗೀತು. ಮೈಕ್ ಜೋರು ಮಾಡುತ್ತಾರೆ, ಮಳೆಯೂ ಜೋರಾಗುತ್ತದೆ, ಕೊನೆಗೆ ಯಾರಿಗೂ ಏನೂ ಕೇಳಿಸೋದಿಲ್ಲ. ಅದಕ್ಕೇ ಹಂಚು ಹಾಕಿ, ಒಳಗೆ ಮರದ ಹಲಗೆ ಹೊಡೆಯಿರಿ. ನೂರೈವತ್ತು ಜನ ಚಾಪೆಯ ಮೇಲೆ ಕೂರುವಷ್ಟು ಒಂದು ಸಭಾಂಗಣ ಸಾಕು. ಕರಾವಳಿ ಉತ್ಸವಕ್ಕೆ ದೊಡ್ಡ ವೇದಿಕೆ ಹೇಗೂ ಇದೆ. ಮಳೆಗಾಲದ ಸಂಜೆಗೆ ಒಂದು ಸಣ್ಣ ಜಾಗ ಇಲ್ಲ.

ಮೀನು ಮಾರುಕಟ್ಟೆ ಹೊರಗಿಟ್ಟು ಕಡಲ ಪೇಟೆ ಮಾಡುತ್ತೇವೆ ಅನ್ನುವವರಿಗೆ ನಾನು ನಮಸ್ಕಾರ ಹೇಳಿ ಎದ್ದು ಬರುತ್ತೇನೆ. ವಾಸನೆ ಅನ್ನುತ್ತಾರೆ. ವಾಸನೆ ಬರೋದು ಮೀನಿನಿಂದಲ್ಲ, ನಿಂತ ನೀರಿನಿಂದ. ಐಸ್ ಕರಗಿದ ನೀರು, ತೊಳೆದ ನೀರು, ಅದರಲ್ಲಿ ಪೊರೆ ಮತ್ತು ಕರುಳು. ಪೊರಕೆ ಹಿಡಿಸುವಷ್ಟು ಅಗಲದ, ತೆರೆದು ತೊಳೆಯಬಹುದಾದ ಚರಂಡಿ ಬೇಕು, ಮಳೆ ನೀರಿನ ಕಾಲುವೆಗೆ ಅದನ್ನು ಸೇರಿಸಬಾರದು. ಇದೇನು ದೊಡ್ಡ ವಿಜ್ಞಾನ ಅಲ್ಲ. ಆದರೆ ಹೆಚ್ಚಿನ ಕಡೆ ನೆಲಕ್ಕೆ ನುಣುಪು ಟೈಲ್ಸ್ ಹಾಕಿ, ಚರಂಡಿಯ ಮೇಲೆ ಎತ್ತಲಾಗದ ಕಲ್ಲು ಮುಚ್ಚಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಕಟ್ಟೆಯ ಎತ್ತರದ್ದು ಇನ್ನೊಂದು ಕತೆ. ಹೊಸ ಮಾರುಕಟ್ಟೆ ಅಂದರೆ ಸೊಂಟದ ಎತ್ತರಕ್ಕೆ ಗ್ರಾನೈಟ್ ಕಟ್ಟೆ. ಅಂಕೋಲಾ ಕಡೆಯ ಒಬ್ಬ ಅಕ್ಕನ ಹತ್ತಿರ ಬಂಗಡೆ ತೆಗೆದುಕೊಳ್ಳುವಾಗ ಕೇಳಿದೆ, ಅಕ್ಕಾ, ಒಳಗೆ ಕಟ್ಟೆ ಇದ್ದರೂ ಹೊರಗೆ ಯಾಕೆ ಕೂತಿದ್ದೀರಿ ಅಂತ. "ತಮಾ, ದಿನಾ ನಿಂತ್ಕಂಡೇ ಮೀನು ಕೊಯ್ಯೂಕೆ ಆಗ್ತದ್ಯಾ?" ಅಂದರು. ಅವರು ನೆಲದಲ್ಲಿ ಮಣೆ ಹಾಕಿ, ಕತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮೀನು ಹಿಡಿದು ಕೊಯ್ಯುವವರು. ಮಾತಾಡುತ್ತಲೇ ಮೂರು ಬಂಗಡೆಯ ತಲೆ ಹಾರಿತ್ತು. ಅವರಿಗೆ ಬೇಕಾದ್ದು ನೆಲದಿಂದ ಒಂದೂವರೆ ಅಡಿ ಎತ್ತರದ, ಕಾಲು ಚಾಚಿ ಕೂರುವಷ್ಟು ಅಗಲದ ಕಟ್ಟೆ, ಪಕ್ಕದಲ್ಲಿ ನಲ್ಲಿ, ಹತ್ತಿರದಲ್ಲೇ ಬೀಗ ಹಾಕದ ಶೌಚಾಲಯ. ನಕ್ಷೆ ಬರೆಯುವ ಮೊದಲು ಅರ್ಧ ಗಂಟೆ ಅವರ ಪಕ್ಕ ಕೂತಿದ್ದರೆ ಸಾಕಿತ್ತು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ. ಆಗ ಮಾರುಕಟ್ಟೆ ಖಾಲಿಯಾ? ಇಲ್ಲ. ನಾಡದೋಣಿಯ ಮೀನು ಬರುತ್ತದೆ, ಒಣಮೀನು, ಒಣಶೆಟ್ಲಿ (ಒಣ ಸೀಗಡಿ) ವ್ಯಾಪಾರ ಜೋರಿರುತ್ತದೆ. ಬಲೆ ರಿಪೇರಿಯೂ ಆಗಲೇ. ಅದಕ್ಕೆ ಉದ್ದನೆಯ, ಕಂಬ ಕಡಿಮೆ ಇರುವ ಚಪ್ಪರ ಬೇಕು. ಅದನ್ನು ಹಿಂದೆ ಬಚ್ಚಿಡದೆ ಪೇಟೆಯ ಮಧ್ಯದಲ್ಲೇ ಇಡಿ. ಕೆನಡಾದ ವ್ಯಾಂಕೂವರ್‌ನಲ್ಲಿ ಗ್ರ್ಯಾನ್‌ವಿಲ್ ಐಲ್ಯಾಂಡ್ ಅಂತ ಇದೆ. ಕಾರ್ಖಾನೆಗಳಿದ್ದ ಜಾಗ, 1979ರಲ್ಲಿ ಅಲ್ಲಿ ಮಾರುಕಟ್ಟೆ ತೆರೆದರು, ನಾಟಕ ಮಂದಿರಗಳು ಬಂದವು. ಆದರೂ 1917ರಿಂದ ಇದ್ದ ಕಾಂಕ್ರೀಟ್ ಘಟಕವನ್ನು ಓಡಿಸಲಿಲ್ಲ. ಜನ ಕಾಫಿ ಕುಡಿಯುವಾಗ ಪಕ್ಕದಲ್ಲೇ ಕಾಂಕ್ರೀಟ್ ಲಾರಿ ಹೋಗುತ್ತದೆ. ಅದೂ ಮಳೆಯ ಊರೇ. ನಮ್ಮ ಮೀನುಗಾರಿಕಾ ಬಂದರು ಬೈತಖೋಲದ ಬಲೆ ಅದಕ್ಕಿಂತ ಕೆಟ್ಟದಾಗಿ ಕಾಣುತ್ತದಾ?

ಅಂಗಡಿ ಯಾರಿಗೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹರಾಜು ಹಾಕಿದರೆ ಗೋವಾದಿಂದ ಟೀ ಶರ್ಟ್ ಬರುತ್ತದೆ, ಅಷ್ಟೇ. ಗುಡಿಗಾರರ ಕೆತ್ತನೆ, ಯಲ್ಲಾಪುರ-ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿ, ಬೇಸಿಗೆಯಲ್ಲಿ ಅಂಕೋಲೆಯ ಕರಿ ಈಶಾಡ ಮಾವು, ಹಾಲಕ್ಕಿ ಹೆಂಗಸರ ತರಕಾರಿ, ಇವು ಯಾವುವೂ ತಿಂಗಳ ಬಾಡಿಗೆ ಕಟ್ಟಿ ವರ್ಷಪೂರ್ತಿ ನಡೆಯುವ ವ್ಯಾಪಾರ ಅಲ್ಲ. ಅರ್ಧ ಜಾಗವನ್ನು ದಿನದ ಬಾಡಿಗೆಗೆ ಬಿಡಬೇಕು. ಭಾನುವಾರದ ಸಂತೆ ನಡೆಯೋದು ಹಾಗೇ ಅಲ್ವಾ.

ದೀಪದ ಬಗ್ಗೆ ಒಂದು ಮಾತು. ಆಲಿವ್ ರಿಡ್ಲೆ ಆಮೆಗಳು ನಮ್ಮ ತೀರಕ್ಕೆ ಮೊಟ್ಟೆ ಇಡಲು ಬರುವುದು ಚಳಿಗಾಲದ ಆಸುಪಾಸು, ಸರಿಯಾಗಿ ಪ್ರವಾಸಿಗರ ಕಾಲದಲ್ಲಿ. ಮರಿಗಳು ಬೆಳಕು ಕಂಡ ಕಡೆಗೆ ತೆವಳುತ್ತವೆ. ಕಡಲಿಗಿಂತ ಪೇಟೆ ಹೆಚ್ಚು ಹೊಳೆದರೆ ರಸ್ತೆಗೆ ಬರುತ್ತವೆ. ಎತ್ತರದ ಕಂಬದ ಹೈಮಾಸ್ಟ್ ದೀಪ ಬೇಡ. ಮೊಣಕಾಲೆತ್ತರದ, ಕೆಳಗೆ ಮಾತ್ರ ಬೀಳುವ ಹಳದಿ ದೀಪ ಸಾಕು.

ಮತ್ತೆ, ದಯವಿಟ್ಟು ಇದನ್ನೆಲ್ಲ ಒಂದೇ ಟೆಂಡರ್‌ನಲ್ಲಿ ಕರೆಯಬೇಡಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಬೀದಿಗಿಳಿದ ಊರು ಇದು. ಕಡಲ ದಂಡೆಯಲ್ಲಿ ಯಾರೋ ಟೇಪು ಹಿಡಿದು ಅಳೆದರೂ ಜನ ಅನುಮಾನದಿಂದ ನೋಡುತ್ತಾರೆ, ಅದು ತಪ್ಪಲ್ಲ. ಮೇ ಒಳಗೆ ನಾಲ್ಕು ಅಂಕಣ (ಕಂಬದಿಂದ ಕಂಬದವರೆಗಿನ ಜಾಗ) ಮಾತ್ರ ಕಟ್ಟಿ. ಚರಂಡಿ, ನಲ್ಲಿ, ಕಟ್ಟೆ, ಜಗಲಿ, ಹಂಚಿನ ಮಾಡು. ಬಾಗಿಲು ಬೇಡ, ಉದ್ಘಾಟನೆಯೂ ಬೇಡ. ಒಂದು ಮಳೆಗಾಲ ಬಿಡಿ. ಎಲ್ಲಿ ಸೋರುತ್ತದೆ, ಇರಚಲು ಎಲ್ಲಿವರೆಗೆ ಬರುತ್ತದೆ, ಮೀನಿನ ಅಕ್ಕಂದಿರು ಕಟ್ಟೆಯ ಮೇಲೆ ಕೂರುತ್ತಾರಾ ಇಲ್ಲ ಮತ್ತೆ ಹೊರಗೇ ಹೋಗುತ್ತಾರಾ ನೋಡಿ. ಉಳಿದ ನಕ್ಷೆ ಅಕ್ಟೋಬರ್‌ನಲ್ಲಿ ಬರೆದರಾಯಿತು.