ಶಕುಂತಲೆ, ಮೀನು ಮತ್ತೆ ನಮ್ಮ ಕಾಲೇಜ್ ಡೇ

ನಮ್ ಕಾಲದಲ್ಲಿ ಸೆಕೆಂಡ್ ಇಯರ್‌ಗೆ ಕಾಳಿದಾಸನ ಶಾಕುಂತಲ ನಾಟಕ ಪಠ್ಯ ಇತ್ತು, ಕನ್ನಡದಲ್ಲೇ. ಕ್ಲಾಸ್ ಬೀಳ್ತಿದ್ದಿದ್ದು ಊಟ ಆದ್ಮೇಲೆ, ಮೇಷ್ಟ್ರು ಶಕುಂತಲೆ ಬೆಳೆದ ಕಣ್ವಾಶ್ರಮ ವರ್ಣಿಸೋ ಹೊತ್ತಿಗೆ ಹಿಂದಿನ ಮೂರು ಬೆಂಚು ಆಗಲೇ ಇನ್ನೊಂದು ಲೋಕದಲ್ಲಿರ್ತಿತ್ತು. ಮೈಸೂರು ಆಸ್ಥಾನದ ಬಸವಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲಿ ಇದನ್ನ ಕನ್ನಡಕ್ಕೆ ತಂದು ಅಭಿನವ ಕಾಳಿದಾಸ ಅನ್ನಿಸ್ಕೊಂಡ್ರು ಅಂತ ನೋಟ್ಸಲ್ಲಿ ಬರ್ಕೊಂಡಿದ್ವಿ, ಅಷ್ಟೇ.

ಆ ವರ್ಷ ಕಾಲೇಜ್ ಡೇಗೆ ಸೀನಿಯರ್ಸ್ ಅದನ್ನೇ ಸ್ಕಿಟ್ ಮಾಡಿದ್ರು. ರಾಜ ದುಷ್ಯಂತ ಇದ್ರಲ್ಲಿ ಒಬ್ಬ ಎಮ್ಮೆಲ್ಲೆ, ವಿದೂಷಕ ಮಾಧವ್ಯ ಅವನ ಪಿಎ. ಪಿಎ ಬಂದಿದ್ದೇ ಗೋಳು ಶುರು, ಸಾಹೇಬ್ರಿಗೆ ಬೇಟೆ ಹುಚ್ಚು, ಎಲೆ ಕೊಳೆತ ಕಹಿ ನೀರು ಕುಡೀಬೇಕು, ಹೊತ್ತಲ್ಲದ ಹೊತ್ತಲ್ಲಿ ಸುಟ್ಟ ಮಾಂಸ, ಮೈಕೈ ನೋವು, ಮಲಗಿದ್ರೆ ಬೆಳಗಿನ ಜಾವಕ್ಕೇ ಹಕ್ಕಿ ಹಿಡಿಯೋರ ಗಲಾಟೆ. ಆಮೇಲೆ ಮೀನಿನ ಹೊಟ್ಟೇಲಿ ರಾಜನ ಉಂಗುರ ಸಿಕ್ಕಿದ ಮೀನುಗಾರನ್ನ ಕಳ್ಳ ಅಂತ ಇಬ್ಬರು ಪೊಲೀಸ್ರು ದಬ್ಕೊಂಡು ಬಂದು, ಇವನ ಕತ್ತಿಗೆ ಹಾರ ಹಾಕಿ ಗಲ್ಲಿಗೇರಿಸಕ್ಕೆ ನನ್ ಕೈ ತುರಿಸ್ತಿದೆ ಅಂತಾನೆ ಒಬ್ಬ, ಅಷ್ಟರಲ್ಲಿ ರಾಜರ ಕಡೆಯಿಂದ ಇನಾಮು ಬರತ್ತೆ, ಮೀನುಗಾರ ಅದ್ರಲ್ಲಿ ಅರ್ಧ ತೆಗೆದು ‘ಆ ಹಾರಕ್ಕೆ ಹೂವಿನ ದುಡ್ಡು ಇಟ್ಕೊಳಿ ಸಾರ್’ ಅಂತಾನೆ, ಕೂಡ್ಲೇ ಎಲ್ಲಾ ಫ್ರೆಂಡ್ಸು, ಒಟ್ಟಿಗೆ ಬಾರ್‌ಗೆ ಹೊರಟ್ರು. ಶಿಳ್ಳೆಯೋ ಶಿಳ್ಳೆ. ಪೊಲೀಸ್ರಿಗೆ ಚೆನ್ನಾಗಿ ಬಿಟ್ರು ಅಂತ ನಾವೆಲ್ಲ ಮಾತಾಡ್ಕೊಂಡ್ರೆ ಮೇಷ್ಟ್ರು ತಿರುಗಿ ‘ಲೋ, ಅದು ಕಾಳಿದಾಸಂದೇ ಕಣ್ರೋ, ಆರನೇ ಅಂಕ ತೆಗೆದು ನೋಡಿ’ ಅಂದ್ರು.

ನೋಡಿದ್ರೆ ಹೌದು! ಹೂವಿನ ದುಡ್ಡೂ ಅವನದೇ, ಹೆಂಡದಂಗಡಿನೂ ಅವನದೇ, ಪಿಎ ಗೋಳು ಎರಡನೇ ಅಂಕದ್ದು. ಸೀನಿಯರ್ಸ್ ಮಾಡಿದ್ದು ಅಂದ್ರೆ ಬಟ್ಟೆ ಬದಲಾಯಿಸಿದ್ದು, ‘ಸಾರ್’ ಸೇರಿಸಿದ್ದು. ಅಂತಃಪುರದ ರಾಣಿಯರನ್ನ ಬಿಟ್ಟು ಆಶ್ರಮದ ಹುಡುಗಿ ಹಿಂದೆ ಬಿದ್ದ ರಾಜನಿಗೆ ವಿದೂಷಕ, ಖರ್ಜೂರ ತಿಂದು ತಿಂದು ಬೇಜಾರಾದೋನಿಗೆ ಹುಣಸೆಹಣ್ಣಿನ ಆಸೆ ಅಂತಾನಲ್ಲ, ಅದನ್ನ ಯಾಕೆ ಬಿಟ್ರೋ ಗೊತ್ತಿಲ್ಲ, ಒಳ್ಳೆ ಕ್ಲಾಪ್ಸ್ ಬೀಳ್ತಿತ್ತು.

ಎಲ್ಲಾನೂ ತಮಾಷೆಗೆ ಒಗ್ಗಲ್ಲ ಅನ್ನಿ. ಐದನೇ ಅಂಕದಲ್ಲಿ, ಮದುವೆಯಾದ ಶಕುಂತಲೆನೇ ಶಾಪದಿಂದ ಮರೆತ ದುಷ್ಯಂತ ಫೋನ್ ನೋಡ್ತಾ ‘ಯಾವ ಶಕುಂತಲಾ? ಕಾಂಟ್ಯಾಕ್ಟಲ್ಲಿ ಇಲ್ವಲ್ಲ’ ಅಂದಾಗ ಹಾಲ್ ಪೂರ್ತಿ ನಕ್ತು. ಶಕುಂತಲೆ ಪಾರ್ಟಿನ ಅಕ್ಕ ಮಾತ್ರ ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಪುಸ್ತಕದ ಮಾತೇ ಆಡಿದ್ರು, ‘ಅನಾರ್ಯ, ಹುಲ್ಲು ಮುಚ್ಚಿದ ಬಾವಿ ನೀನು’ ಅಂತ. ಅದಕ್ಕೆ ಯಾರೂ ನಗಲಿಲ್ಲ. ನನ್ ಪ್ರಕಾರ ಇಡೀ ಸ್ಕಿಟ್‌ಗೆ ಅದೇ ಬೆಸ್ಟ್ ಡೈಲಾಗ್, ಅಷ್ಟೊತ್ತು ನಗಿಸಿದ್ದಕ್ಕೇ ಅದು ಅಷ್ಟು ತಾಗಿದ್ದು.

ಆ ಸಲ ಪರೀಕ್ಷೆಗೆ ಗೈಡ್ ಮುಟ್ಟದೆ ನಾಟಕನೇ ಓದ್ಕೊಂಡು ಹೋದೋರು ನಮ್ ಗ್ಯಾಂಗಲ್ಲೇ ಸುಮಾರು ಜನ. ಈಗಿನ ಸ್ಟೂಡೆಂಟ್ಸ್‌ಗೆ ಶಾಕುಂತಲ ಇದ್ಯೋ ಇಲ್ವೋ, ಇದ್ರೆ ಸೀದಾ ಆರನೇ ಅಂಕದಿಂದ ಶುರು ಮಾಡ್ರಪ್ಪ, ಒಂದನೇ ಅಂಕದ ಜಿಂಕೆನ ಆಮೇಲೆ ಅಟ್ಟಿಸ್ಕೊಂಡು ಹೋದ್ರಾಯ್ತು.